ಮಿ ತಿಯೆರಾ, ಸ್ಯಾನ್ ಆಂಟೋನಿಯೊ: ರಾತ್ರಿ ಎರಡು ಗಂಟೆಯ ತಮಾಲೆ

ಹೋಟೆಲ್ ನಡೆಸಿದವನು ಬೇರೆಯವರ ಹೋಟೆಲಿಗೆ ಹೋದರೆ ಊಟ ಮಾಡಲ್ಲ, ಇನ್‌ಸ್ಪೆಕ್ಷನ್ ಮಾಡ್ತಾನೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಒಪ್ಪಿದೆ. ನಾನು ಹುಟ್ಟಿದ್ದು ಕುಂದಾಪುರದ ಕಡೆ. ದಾವಣಗೆರೆ ಬಸ್ ಸ್ಟ್ಯಾಂಡ್ ಹತ್ತಿರ 31 ವರ್ಷ ಹೋಟೆಲ್ ನಡೆಸಿ, ಮೊಣಕಾಲು ಕೈಕೊಟ್ಟ ಮೇಲೆ ಗಲ್ಲಾದಿಂದ ಎದ್ದೆ. ಯಾವ ಹೋಟೆಲಿಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹೋಗೋದು ಕ್ಲೀನರ್ ಹುಡುಗನ ಕೈಯಲ್ಲಿರುವ ಬಟ್ಟೆಯ ಕಡೆಗೆ. ಮೆನು ಆಮೇಲೆ. ಆ ಬಟ್ಟೆ ಹೇಗಿದೆಯೋ ಒಳಗಿನ ಅಡುಗೆಮನೆಯೂ ಹಾಗೇ ಇರುತ್ತದೆ.

ಮಿ ತಿಯೆರಾದಲ್ಲಿ ಬಟ್ಟೆ ಬಿಳಿಯಾಗಿತ್ತು. ಅದೂ ರಾತ್ರಿ ಎರಡು ಗಂಟೆಗೆ.

ಆ ಹೊತ್ತಿಗೆ ಅಲ್ಲಿಗೆ ಯಾಕೆ ಹೋದಿರಿ ಅಂತ ಕೇಳಬಹುದು. 2020ರ ಫೆಬ್ರವರಿ. ಮಗಳು ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಆಸ್ಪತ್ರೆ ಕೆಲಸದಲ್ಲಿದ್ದಾಳೆ. ನಾವಿಬ್ಬರು ಬಂದು ಮೂರು ದಿನವಾಗಿತ್ತು. ಕಣ್ಣಿಗೆ ಅಮೆರಿಕ, ಹೊಟ್ಟೆಗೆ ಮಾತ್ರ ಇನ್ನೂ ದಾವಣಗೆರೆ ಟೈಮ್. ರಾತ್ರಿ ಒಂದೂವರೆಗೆ ಇಬ್ಬರೂ ಸೋಫಾದ ಮೇಲೆ ಗೂಬೆಗಳ ಹಾಗೆ ಕೂತಿದ್ದೆವು. ಮಗಳು ಶಿಫ್ಟ್ ಮುಗಿಸಿ ಬಂದಳು. ನಮ್ಮ ಮುಖ ನೋಡಿ ನಕ್ಕಳು. "ಅಪ್ಪ, ಚಪ್ಪಲಿ ಹಾಕ್ಕೊಳ್ಳಿ. ಬಾಗಿಲೇ ಹಾಕದ ಹೋಟೆಲ್ ಒಂದಿದೆ."

ಬಾಗಿಲು ಹಾಕದ ಹೋಟೆಲ್ ಅಂದರೆ ನನಗೆ ನಂಬಿಕೆ ಕಡಿಮೆ. ಬರುವ ದಾರಿಯಲ್ಲಿ ವಿಮಾನ ಬದಲಾಯಿಸಿದ ಊರಿನ ಏರ್‌ಪೋರ್ಟ್‌ನಲ್ಲಿ ಒಂದು ಅಂಗಡಿಯ ತಮಾಲೆ ತಿಂದು ಕೆಟ್ಟಿದ್ದೆ. ಅಂಗಡಿ ಹೆಸರು ಬೇಡ. ಹೊರಗೆ ಕಾದಿತ್ತು, ನಡುವೆ ಐಸ್. ಮೈಕ್ರೋವೇವ್‌ನಲ್ಲಿ ಅವಸರಕ್ಕೆ ಬಿಸಿ ಮಾಡಿದ ಇಡ್ಲಿ ಹೇಗಿರುತ್ತೋ ಹಾಗೆ. ಮೆಕ್ಸಿಕನ್ ತಿಂಡಿ ಇಷ್ಟೇನಾ ಅಂದುಕೊಂಡಿದ್ದೆ.

ಊರಿನ ಹಳೇ ಮಾರ್ಕೆಟ್ ಚೌಕದಲ್ಲಿದೆ ಈ ಹೋಟೆಲ್. ಜನ ಅದನ್ನು ಎಲ್ ಮೆರ್ಕಾದೊ ಅನ್ನುತ್ತಾರೆ. 1941ರಲ್ಲಿ ಪೆದ್ರೊ ಮತ್ತು ಕ್ರೂಸ್ ಕೊರ್ತೆಸ್ ಅನ್ನುವ ಗಂಡ ಹೆಂಡತಿ ಮೂರು ಟೇಬಲ್ ಹಾಕಿ ಶುರು ಮಾಡಿದ್ದು. ಬೆಳಗಿನ ಜಾವ ತರಕಾರಿ ತರುತ್ತಿದ್ದ ರೈತರು, ಮಾರ್ಕೆಟ್ಟಿನ ಕೆಲಸಗಾರರು ಮೊದಲ ಗಿರಾಕಿಗಳು. ಇದನ್ನು ಕೇಳಿದ ಕೂಡಲೇ ನನಗೆ ಹೋಟೆಲ್ ಅರ್ಥವಾಗಿಹೋಯಿತು. ಎಪಿಎಂಸಿ ಹತ್ತಿರದ ಹೋಟೆಲ್ ಯಾಕೆ ನಾಲ್ಕು ಗಂಟೆಗೆ ಒಲೆ ಹಚ್ಚುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಹಮಾಲರು ತಿಂದು ಹೊಗಳಿದ ತಿಂಡಿಯನ್ನು ಆಮೇಲೆ ಊರೇ ಬಂದು ತಿನ್ನುತ್ತದೆ. ಮೂರು ಟೇಬಲ್ ಇದ್ದ ಕಡೆ ಈಗ ನೂರಾರು ಜನ ಒಟ್ಟಿಗೆ ಕೂರುತ್ತಾರೆ.

ಒಳಗೆ ಹೋದರೆ ಜಾತ್ರೆ. ಕ್ರಿಸ್‌ಮಸ್ ದೀಪದ ಸರಗಳು ವರ್ಷಪೂರ್ತಿ ಉರಿಯುತ್ತವೆ. ಬಣ್ಣದ ಕಾಗದ ಕತ್ತರಿಸಿ ಮಾಡಿದ ತೋರಣ ತಲೆ ಮೇಲೆ. ಬಾಗಿಲಲ್ಲೇ ಬೇಕರಿ, ಗಾಜಿನ ಹಿಂದೆ ಸಾಲು ಸಾಲು ಸಿಹಿ ಬ್ರೆಡ್ಡು. 'ಮಿ ತಿಯೆರಾ' ಅಂದರೆ ನನ್ನ ನೆಲ. ಹೆಸರಿಗೆ ತಕ್ಕ ಗದ್ದಲ.

ಅವತ್ತು ಇನ್ನೊಂದು ಗದ್ದಲವೂ ಇತ್ತು. ನಮ್ಮ ಪಕ್ಕದ ಟೇಬಲ್‌ನಲ್ಲಿ ಆರೇಳು ಹುಡುಗ ಹುಡುಗಿಯರು. ಎದೆ ಮೇಲೆ ಬರ್ನಿ ಸ್ಯಾಂಡರ್ಸ್ ಹೆಸರು, ಆ ಸಲ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಟಿಕೆಟ್ ಕೇಳುತ್ತಿದ್ದವರು. ಸಂಜೆ ಅದೇ ಊರಲ್ಲಿ ಸ್ಯಾಂಡರ್ಸ್ ಸಭೆ ನಡೆದಿತ್ತು. ಆವತ್ತೇ ನೆವಾಡಾದಲ್ಲಿ ಪಕ್ಷದ ಚುನಾವಣೆ. ಗೆದ್ದ ಸುದ್ದಿ ಬಂದದ್ದು ಅವರು ಇಲ್ಲಿ ಸ್ಯಾನ್ ಆಂಟೋನಿಯೊದ ಒಂದು ಡ್ಯಾನ್ಸ್ ಹಾಲ್‌ನಲ್ಲಿದ್ದಾಗ. ವಿಜಯದ ಭಾಷಣವನ್ನೂ ಇಲ್ಲೇ ಮಾಡಿದರು. ಆ ಹುಡುಗರ ಗಂಟಲು ಕೂತುಹೋಗಿತ್ತು. ಅವರನ್ನು 'ತೀಯೊ ಬರ್ನಿ' ಅನ್ನುತ್ತಿದ್ದರು. ತೀಯೊ ಅಂದರೆ ಮಾವ, ಚಿಕ್ಕಪ್ಪ, ಎಲ್ಲಾ ಒಂದೇ. ಬ್ರೂಕ್ಲಿನ್‌ನಲ್ಲಿ ಹುಟ್ಟಿದ 78 ವರ್ಷದ ಯಹೂದಿ ಮುದುಕ ಮೆಕ್ಸಿಕನ್ ಮಕ್ಕಳಿಗೆ ಮಾವ ಆಗಿದ್ದು ಹೇಗೆ ಅಂತ ನನಗೆ ಕುತೂಹಲ.

ನಮ್ಮವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಇಲ್ಲಿ ಪಕ್ಷದ ಟಿಕೆಟ್ಟನ್ನು ಹೈಕಮಾಂಡ್ ಕೊಡಲ್ಲ. ಪ್ರೈಮರಿ ಅಂತ ಮಾಡಿ ಒಂದೊಂದು ರಾಜ್ಯದ ಜನರೇ ವೋಟು ಹಾಕಿ ಕೊಡುತ್ತಾರೆ. ಆ ಪೈಪೋಟಿಯಲ್ಲಿ ಊರಿನ ಮೇಯರ್, ಸಂಸದ, ಯೂನಿಯನ್ ಲೀಡರ್, ಸಮುದಾಯದ ಹಿರಿಯರು ಒಬ್ಬೊಬ್ಬರಾಗಿ ಎದ್ದು 'ನನ್ನ ಬೆಂಬಲ ಇವರಿಗೆ' ಅಂತ ಹೇಳುತ್ತಾರೆ. ಸ್ಯಾನ್ ಆಂಟೋನಿಯೊದಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಜನ ಹಿಸ್ಪಾನಿಕ್, ಅಂದರೆ ಮೆಕ್ಸಿಕೋದಂಥ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು. ಲ್ಯಾಟಿನೋ ಅಂತಲೂ ಅನ್ನುತ್ತಾರೆ. ಅದಕ್ಕೇ ಇಲ್ಲಿನ ಮುಖಂಡರ ಮಾತಿಗೆ ಎಲ್ಲಾ ಅಭ್ಯರ್ಥಿಗಳೂ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ. ಮಾತಾಡಿದ ಮೇಲೆ ಫೋಟೋ. ಫೋಟೋ ಆದ ಮೇಲೆ ಊಟ. ಬಿಲ್ ಕ್ಲಿಂಟನ್ ಈ ಹೋಟೆಲಿನ ಟೀ ಶರ್ಟ್ ಹಾಕಿಕೊಂಡು ಜಾಗಿಂಗ್ ಹೋಗಿದ್ದರು. ಅಂಥಾ ಜಾಹೀರಾತು ನನ್ನ ಹೋಟೆಲಿಗೆ ಸಿಕ್ಕಿದ್ದರೆ ಮೊಣಕಾಲು ಆಪರೇಷನ್ ಅಮೆರಿಕದಲ್ಲೇ ಮಾಡಿಸುತ್ತಿದ್ದೆ.

ಈಗ ತಮಾಲೆಗೆ ಬರೋಣ. ಮಗಳು ನನಗೆ ಹಂದಿ ಮಾಂಸದ ತಮಾಲೆ ಹೇಳಿದಳು. ನನ್ನ ಹೆಂಡತಿಗೆ ಶನಿವಾರ ಮಾಂಸ ಇಲ್ಲ. "ಅಮ್ಮ, ಹನ್ನೆರಡು ದಾಟಿತು, ಭಾನುವಾರ" ಅಂತ ಮಗಳು. "ಸೂರ್ಯ ಹುಟ್ಟೋವರೆಗೆ ಶನಿವಾರವೇ" ಅಂತ ಇವಳು. ಊರಲ್ಲಿ ಆಗಲೇ ಭಾನುವಾರ ಮಧ್ಯಾಹ್ನ ಅಂದೆ. "ಊರಲ್ಲಿ ತಿಂತಿಲ್ವಲ್ಲ" ಅಂದಳು. ಅವಳಿಗೆ ಬೆಣ್ಣೆಹಣ್ಣಿನ ಗ್ವಾಕಮೋಲೆ, ಬ್ರೆಡ್ಡು, ಬಿಸಿ ಚಾಕೊಲೇಟ್ ಬಂತು.

ತಟ್ಟೆ ಬಂದಾಗ ಮೂರು ಪೊಟ್ಟಣ. ಒಣಗಿಸಿದ ಮೆಕ್ಕೆಜೋಳದ ಸಿಪ್ಪೆಯೊಳಗೆ ಹಿಟ್ಟು ಬಳಿದು, ನಡುವೆ ಮಾಂಸ ಇಟ್ಟು, ಮಡಚಿ ಹಬೆಯಲ್ಲಿ ಬೇಯಿಸಿದ್ದು. ನಾನು ಸಿಪ್ಪೆ ಬಿಡಿಸುತ್ತಾ ಕೂತೆ. ಹೆಂಡತಿ ಬಗ್ಗಿ ನೋಡಿ ಹೇಳಿದಳು, "ರೀ, ಇದು ಕೊಟ್ಟೆ ಕಡುಬು." ಹೌದು, ಅದೇ. ನಮ್ಮದು ಹಲಸಿನ ಎಲೆ, ಇವರದು ಜೋಳದ ಸಿಪ್ಪೆ. ಬಿಡಿಸುವಾಗ ಹಿಟ್ಟು ಸಿಪ್ಪೆಗೆ ಅಂಟಬಾರದು, ಅಂಟಿದರೆ ಇನ್ನೂ ಬೆಂದಿಲ್ಲ ಅಂತ. ಇಲ್ಲಿ ಸಿಪ್ಪೆ ಸಲೀಸಾಗಿ ಬಿಟ್ಟುಕೊಂಡಿತು. ಹಿಟ್ಟಿನ ಮೇಲೆ ಸಿಪ್ಪೆಯ ಗೆರೆಗಳು ಹಾಗೇ ಅಚ್ಚಾಗಿದ್ದವು. ಮುರಿದರೆ ನಡುವಿನಿಂದ ಹಬೆ. ಒಣಮೆಣಸಿನ ಖಾರ ನಿಧಾನಕ್ಕೆ ಹತ್ತುತ್ತದೆ, ಗಂಟಲಿಗೆ ಹೋದ ಮೇಲೆ ಗೊತ್ತಾಗುತ್ತದೆ.

ಆ ಹಿಟ್ಟಿನ ಘಮ ನನಗೆ ಹೊಸದು. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬುತ್ತಾರೆ. ಸಾವಿರಾರು ವರ್ಷದ ಕಸುಬು. ದಾವಣಗೆರೆ ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳವೇ, ಆದರೆ ಅದರಲ್ಲಿ ಬಹುಪಾಲು ಹೋಗೋದು ಕೋಳಿ ಫೀಡಿಗೆ. ಬೆಳೆ ಮೆಕ್ಸಿಕೋದಿಂದ ನಮ್ಮವರೆಗೆ ಬಂತು, ಸುಣ್ಣದ ಉಪಾಯ ಮಾತ್ರ ಬರಲಿಲ್ಲ. ನನಗೆ ಇಪ್ಪತ್ತು ವರ್ಷ ಮೊದಲೇ ಗೊತ್ತಿದ್ದರೆ ಹೋಟೆಲ್‌ನಲ್ಲಿ ಒಂದು ಪ್ರಯೋಗ ಮಾಡುತ್ತಿದ್ದೆ.

ನಾನು ಸಿಪ್ಪೆ ಬಿಡಿಸೋದನ್ನು ಆಚೆ ಟೇಬಲ್‌ನ ಹಿರಿಯರೊಬ್ಬರು ನೋಡುತ್ತಿದ್ದರು. ಎಪ್ಪತ್ತರ ಹತ್ತಿರ. ಸೆಕ್ಯುರಿಟಿ ಯೂನಿಫಾರ್ಮು. ಕ್ಯಾಪ್ ಮೇಲೆ 'ನಾನು ವೋಟ್ ಹಾಕಿದೆ' ಅನ್ನುವ ಸ್ಟಿಕರ್. ಟೆಕ್ಸಸ್‌ನಲ್ಲಿ ಪ್ರೈಮರಿ ಮಾರ್ಚ್ 3ಕ್ಕೆ ಇತ್ತು, ಆದರೆ ಫೆಬ್ರವರಿ 18ರಿಂದಲೇ ಮುಂಚಿತ ಮತದಾನ ಶುರು. ನಮ್ಮಲ್ಲಿ ಬೆರಳಿಗೆ ಶಾಯಿ, ಇವರಲ್ಲಿ ಸ್ಟಿಕರ್.

"ನಿಮಗೆ ಪ್ರೆಸಿಡೆಂಟ್‌ಗಿಂತ ಚೆನ್ನಾಗಿ ಬರುತ್ತೆ" ಅಂದರು. ಯಾವ ಪ್ರೆಸಿಡೆಂಟ್ ಅಂದೆ. "ಫೋರ್ಡ್" ಅಂದು ಹೊಟ್ಟೆ ಅಲ್ಲಾಡಿಸಿ ನಕ್ಕರು.

ಕಥೆ ಇದು. 1976ರ ಏಪ್ರಿಲ್. ಜೆರಾಲ್ಡ್ ಫೋರ್ಡ್ ಅಧ್ಯಕ್ಷರಾಗಿದ್ದವರು. ರಿಪಬ್ಲಿಕನ್ ಪ್ರೈಮರಿಯಲ್ಲಿ ರೊನಾಲ್ಡ್ ರೇಗನ್ ಎದುರಾಳಿ. ಫೋರ್ಡ್ ವೋಟು ಕೇಳಲು ಇದೇ ಊರಿಗೆ ಬಂದರು. ಇಲ್ಲಿಂದ ಸ್ವಲ್ಪ ದೂರದಲ್ಲಿರುವ ಅಲಾಮೊ ಕೋಟೆಯ ಹತ್ತಿರ ತಮಾಲೆ ಕೊಟ್ಟರು. ಕ್ಯಾಮೆರಾಗಳ ಎದುರು ಸಿಪ್ಪೆ ಸಮೇತ ಕಚ್ಚಿಬಿಟ್ಟರು! ಆ ಮೇಲೆ ಮೇ 1ರ ಟೆಕ್ಸಸ್ ಪ್ರೈಮರಿಯಲ್ಲಿ ರೇಗನ್ ಪೂರ್ತಿ ಗುಡಿಸಿ ಹಾಕಿದರು. ಸೋಲಿಗೆ ಕಾರಣ ತಮಾಲೆ ಅಲ್ಲ ಬಿಡಿ, ಪನಾಮಾ ಕಾಲುವೆ ವಿಚಾರದಲ್ಲಿ ರೇಗನ್ ಎಬ್ಬಿಸಿದ ಗದ್ದಲ ಜಾಸ್ತಿ ಕೆಲಸ ಮಾಡಿತ್ತು. ಆದರೆ ಜನ ನೆನಪಿಟ್ಟುಕೊಂಡಿದ್ದು ಸಿಪ್ಪೆ. ಕೊಟ್ಟೆ ಸಮೇತ ಕಡುಬು ಕಚ್ಚಿದವನನ್ನು ನಮ್ಮ ಕುಂದಾಪುರದಲ್ಲಿ ಮೂರು ತಲೆಮಾರು ಆಡಿಕೊಳ್ಳುತ್ತಾರೆ, ಇವರೂ ಹಾಗೇ.

ಪಕ್ಕದಲ್ಲಿ ಊರಿನ ಒಬ್ಬ ಮನುಷ್ಯ ನಿಂತು ಕಿವಿಯಲ್ಲಿ 'ಸ್ವಾಮಿ, ಬಿಡಿಸಿ ತಿನ್ನಿ' ಅಂತ ಹೇಳಿದ್ದರೆ ಸಾಕಿತ್ತು. ಮುಖಂಡರ ಬೆಂಬಲದಿಂದ ಆಗುವ ನಿಜವಾದ ಉಪಯೋಗ ಇಷ್ಟೇ ಅಂತ ನನಗನ್ನಿಸುತ್ತದೆ. ಎಲ್ಲಿ ತಿನ್ನಬೇಕು, ಹೇಗೆ ತಿನ್ನಬೇಕು, ಯಾರ ಮನೆಗೆ ಮೊದಲು ಹೋಗಬೇಕು. ವೋಟು ಅವರ ಜೇಬಲ್ಲಿ ಇರಲ್ಲ.

ಈ ಊರಲ್ಲಿ ಅದಕ್ಕೆ ಸಾಕ್ಷಿ ಆಗಲೇ ಕಣ್ಣೆದುರು ಇತ್ತು. ಹೂಲಿಯನ್ ಕಾಸ್ಟ್ರೊ ಇಲ್ಲಿನ ಮನೆಮಗ. 2009ರಿಂದ 2014ರವರೆಗೆ ಇದೇ ಊರಿನ ಮೇಯರ್. ಆಮೇಲೆ ಒಬಾಮಾ ಸರ್ಕಾರದಲ್ಲಿ ಮಂತ್ರಿ. 2019ರ ಜನವರಿಯಲ್ಲಿ ಊರಿನ ಪಶ್ಚಿಮ ಭಾಗದ ಪ್ಲಾಸಾ ಗ್ವಾದಲೂಪೆಯಲ್ಲಿ ನಿಂತು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸ್ತೀನಿ ಅಂದರು. ಒಂದು ವರ್ಷ ಓಡಾಡಿ 2020ರ ಜನವರಿ 2ಕ್ಕೆ ಕಣದಿಂದ ಹೊರಬಂದರು. ನಾಲ್ಕೇ ದಿನಕ್ಕೆ ಕಣದಲ್ಲಿದ್ದ ಇನ್ನೊಬ್ಬ ಅಭ್ಯರ್ಥಿ ಎಲಿಜಬೆತ್ ವಾರನ್‌ಗೆ ಬೆಂಬಲ ಘೋಷಿಸಿದರು. ನಾನು ಸೆಕ್ಯುರಿಟಿ ಹಿರಿಯರನ್ನು ಕೇಳಿದೆ, "ಹಾಗಾದರೆ ನಿಮ್ಮ ವೋಟು ವಾರನ್‌ಗಾ?"

"ಹೂಲಿಯನ್ ಒಳ್ಳೇ ಹುಡುಗ. ಅವನೇ ನಿಂತಿದ್ದರೆ ಕಣ್ಣುಮುಚ್ಚಿ ಹಾಕ್ತಿದ್ದೆ. ಅವನು ಕೈ ತೋರಿಸಿದವರಿಗೆಲ್ಲಾ ನಾನು ಯಾಕೆ ಹಾಕಲಿ?"

ಇದನ್ನು ಕೇಳಿ ನನಗೆ ನಮ್ಮ ಹೋಟೆಲಿನ ಮಹಡಿ ಹಾಲ್ ನೆನಪಾಯಿತು. ಚುನಾವಣೆ ಬಂತು ಅಂದರೆ ಅದಕ್ಕೆ ಡಿಮ್ಯಾಂಡ್. ಯಾವುದಾದರೊಂದು ಸಮಾಜದ ಮುಖಂಡರು ಸಾಲಾಗಿ ಕೂತು ಪತ್ರಿಕಾಗೋಷ್ಠಿ ಮಾಡೋರು. 'ನಮ್ಮ ಸಮಾಜದ ಸಂಪೂರ್ಣ ಬೆಂಬಲ ಇಂಥವರಿಗೆ.' ನಲವತ್ತು ಉಪ್ಪಿಟ್ಟು, ನಲವತ್ತು ಕಾಫಿ. ಒಂದು ಸಲ ನಾನೇ ಟ್ರೇ ಹೊತ್ತು ಕೆಳಗಿಳಿದು ಬಂದೆ. ಅದೇ ಸಮಾಜದ ಹುಡುಗ ತೊಟ್ಟಿ ಮುಂದೆ ಲೋಟ ತೊಳೆಯುತ್ತಿದ್ದ. ತಲೆ ಎತ್ತಿ ಕೇಳಿದ, "ಸಾವ್ಕಾರ್ರೆ, ಅವ್ರು ಹೇಳಿದ್ರಂತ ನಾವ್ ಹಾಕ್ಬೇಕಾ?" ಮಾರನೇ ದಿನ ಅಭ್ಯರ್ಥಿ ಬಂದು ಕಾವಲಿ ಮುಂದೆ ನಿಂತು ದೋಸೆ ಹೊಯ್ದರು. ಫೋಟೋ ಆಯಿತು. ಆ ದೋಸೆಯನ್ನು ಭಟ್ಟರು ಕೆರೆದು ಬಕೆಟ್ಟಿಗೆ ಹಾಕಿದರು.

ಹಾಗಂತ ಬೆಂಬಲ ಎಂದೂ ಫಲಿಸಲ್ಲ ಅನ್ನೋದೂ ತಪ್ಪು. ಹಿರಿಯರು 2008ರ ಮಾತು ತೆಗೆದರು. ಆಗ ಡೆಮಾಕ್ರಟಿಕ್ ಟಿಕೆಟ್ಟಿಗೆ ಹಿಲರಿ ಕ್ಲಿಂಟನ್, ಒಬಾಮಾ ನಡುವೆ ಜಟಾಪಟಿ. ಈ ಊರಿನ ಹೆನ್ರಿ ಸಿಸ್ನೆರೋಸ್, ಅಂದರೆ 1981ರಲ್ಲಿ ಮೇಯರ್ ಆಗಿ ಚರಿತ್ರೆ ಮಾಡಿದವರು, ಹಿಲರಿ ಪರ ನಿಂತರು. ಲಾಸ್ ಏಂಜಲೀಸ್ ಮೇಯರ್ ವಿಯರೈಗೋಸಾ ಹಿಲರಿ ಪರ. ರೈತ ಕೂಲಿಗಳ ಯೂನಿಯನ್ ಕಟ್ಟಿದ ದೊಲೋರೆಸ್ ವೆರ್ತಾ ಕೂಡ ಹಿಲರಿ ಪರ. ತಮಾಷೆ ನೋಡಿ. 'ಸೀ ಸೆ ಪ್ವೆದೆ', ಅಂದರೆ 'ಹೌದು, ಆಗುತ್ತೆ' ಅನ್ನುವ ಘೋಷಣೆ 1972ರಲ್ಲಿ ಹುಟ್ಟಿದ್ದು ವೆರ್ತಾ ಬಾಯಲ್ಲಿ. ಅದೇ ಮಾತು ಇಂಗ್ಲಿಷಿನಲ್ಲಿ ಒಬಾಮಾ ಪೋಸ್ಟರ್ ಮೇಲೆ. ಘೋಷಣೆ ಒಂದು ಕಡೆ, ಘೋಷಣೆ ಕೊಟ್ಟವರು ಇನ್ನೊಂದು ಕಡೆ.

ಟೆಕ್ಸಸ್‌ನಲ್ಲಿ ಆ ಸಲ ಲ್ಯಾಟಿನೋ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಹಿಲರಿಗೆ ಬಿತ್ತು. ಮುಖಂಡರ ಮಾತು ನಡೀತಲ್ಲ ಅಂದೆ. ಹಿರಿಯರು ತಲೆ ಅಲ್ಲಾಡಿಸಿದರು. "ಅವರು ಹೇಳಿದ್ದಕ್ಕಲ್ಲ. ಹಿಲರಿ ನಮಗೆ ಮೊದಲೇ ಗೊತ್ತು. ಎಪ್ಪತ್ತೆರಡರಲ್ಲಿ ಹುಡುಗಿ ಆಗಿದ್ದಾಗ ಇಲ್ಲೇ ಬಂದು ವೋಟರ್ ಲಿಸ್ಟಿಗೆ ಹೆಸರು ಸೇರಿಸ್ತಾ ಬಿಸಿಲಲ್ಲಿ ಓಡಾಡಿದವರು." ಅದು ಹೌದು. ಆ ವರ್ಷದ ಡೆಮಾಕ್ರಟಿಕ್ ಅಭ್ಯರ್ಥಿ ಮೆಕ್‌ಗವರ್ನ್ ಪ್ರಚಾರಕ್ಕೆ ಅಂತ ಆಗ ಅವರು ದಕ್ಷಿಣ ಟೆಕ್ಸಸ್ಸಿಗೆ ಬಂದಿದ್ದರು. ಮೂವತ್ತಾರು ವರ್ಷದ ಹಿಂದೆ ಬಂದಿದ್ದ ಗಿರಾಕಿ ಮತ್ತೆ ಬಂದರೆ ನಾನೂ ಎದ್ದು ನಿಲ್ಲುತ್ತೇನೆ.

ಅದೇ 2008ರಲ್ಲಿ ನ್ಯೂ ಮೆಕ್ಸಿಕೋ ಗವರ್ನರ್ ಬಿಲ್ ರಿಚರ್ಡ್‌ಸನ್ ಕಥೆ ಇನ್ನೂ ಮಜ. ತಾಯಿ ಮೆಕ್ಸಿಕನ್. ಕ್ಲಿಂಟನ್ ಸರ್ಕಾರದಲ್ಲಿ ಮಂತ್ರಿ ಆಗಿದ್ದವರು. ತಾವೇ ಸ್ಪರ್ಧಿಸಿ ಜನವರಿಯಲ್ಲಿ ಕೈಬಿಟ್ಟರು. ಅವರ ಬೆಂಬಲಕ್ಕಾಗಿ ಬಿಲ್ ಕ್ಲಿಂಟನ್ ವಿಮಾನ ಹತ್ತಿ ಹೋಗಿ, ಜತೆಗೆ ಕೂತು ಟಿವಿಯಲ್ಲಿ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್, ನೋಡಿದರು. ಎಲ್ಲಾ ಆದ ಮೇಲೆ ಮಾರ್ಚ್ 21ಕ್ಕೆ ರಿಚರ್ಡ್‌ಸನ್ ಒಬಾಮಾ ಕೈ ಹಿಡಿದರು. ಆವತ್ತು ಗುಡ್ ಫ್ರೈಡೇ. ಕ್ಲಿಂಟನ್ ಬಳಗದ ಜೇಮ್ಸ್ ಕಾರ್ವಿಲ್ ರಿಚರ್ಡ್‌ಸನ್‌ರನ್ನು ಯೇಸುವನ್ನು ಹಿಡಿದುಕೊಟ್ಟ ಜೂದಾಸ್‌ಗೆ ಹೋಲಿಸಿದರು. ಅಷ್ಟು ಹೊತ್ತಿಗೆ ಟೆಕ್ಸಸ್ ವೋಟು ಮುಗಿದು ಎರಡು ವಾರ ದಾಟಿತ್ತು. ಊಟ ಮುಗಿದ ಮೇಲೆ ಬಂದ ಉಪ್ಪಿನಕಾಯಿ!

ಇನ್ನು ಗೋಡೆ. ಒಳಗಿನ ಕೋಣೆಯಲ್ಲಿ ಒಂದು ದೊಡ್ಡ ಚಿತ್ರವಿದೆ. 'ಅಮೆರಿಕನ್ ಡ್ರೀಮ್' ಅಂತ ಹೆಸರು. ಹೋಟೆಲ್ ಕಟ್ಟಿದ ಮನೆಯವರು, ಸಮುದಾಯದ ಮುಖಂಡರು, ಕಲಾವಿದರು, ಒಟ್ಟಿಗೆ ಒಂದೇ ಗುಂಪಲ್ಲಿ ನಿಂತಿದ್ದಾರೆ. ನನಗೆ ಹೆಚ್ಚಿನ ಮುಖಗಳ ಪರಿಚಯವಿಲ್ಲ. ಆದರೂ ಕಾಲು ಗಂಟೆ ನಿಂತು ನೋಡಿದೆ. ಗಣಪತಿ ಪೆಂಡಾಲಿನ ಹಾಗೆ ಮುಖಗಳು ಒತ್ತೊತ್ತಾಗಿವೆ. ಎಲ್ಲರೂ ನಮ್ಮ ತಟ್ಟೆಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ನಾನು ನೋಡುತ್ತಾ ನಿಂತಿದ್ದಾಗ ಅದರ ಕೆಳಗೆ ಒಬ್ಬ ಹುಡುಗ, ಹದಿನೆಂಟು ಇರಬಹುದು, ಟೇಬಲ್ ಒರೆಸುತ್ತಿದ್ದ. ಲೋಟಗಳನ್ನು ಒಂದರೊಳಗೊಂದು ಸೇರಿಸಿ, ಚಮಚ ಸದ್ದಾಗದ ಹಾಗೆ ಟಬ್ಬಿಗೆ ಜಾರಿಸಿದ. ಕೆಲಸ ಗೊತ್ತಿದ್ದವನು.

ಆ ಹುಡುಗನನ್ನು ನೋಡಿದ ಮೇಲೆ ಮಗಳು ಕಾರಲ್ಲಿ ಒಂದು ಸಂಗತಿ ಹೇಳಿದಳು. ಈಗಲೂ ಮನಸ್ಸಿನಿಂದ ಹೋಗಿಲ್ಲ. 1968. ವೆರ್ತಾ ಜತೆ ರೈತ ಕೂಲಿಗಳ ಯೂನಿಯನ್ ಕಟ್ಟಿದ ಸೀಸರ್ ಶಾವೇಸ್ 25 ದಿನ ಉಪವಾಸ ಕೂತಿದ್ದರು. ಮಾರ್ಚ್ 10ಕ್ಕೆ ಕ್ಯಾಲಿಫೋರ್ನಿಯಾದ ದೆಲಾನೊ ಊರಲ್ಲಿ ಉಪವಾಸ ಬಿಟ್ಟಾಗ ಪಕ್ಕದಲ್ಲಿ ಕೂತಿದ್ದವರು ಅಧ್ಯಕ್ಷ ಜಾನ್ ಕೆನಡಿಯ ತಮ್ಮ ರಾಬರ್ಟ್ ಕೆನಡಿ. ಆರು ದಿನಕ್ಕೆ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧೆ ಘೋಷಿಸಿದರು. ಶಾವೇಸ್ ಯೂನಿಯನ್ ಬರೀ ಹೇಳಿಕೆ ಕೊಟ್ಟು ಸುಮ್ಮನಾಗಲಿಲ್ಲ. ಹೊಲದ ಕೂಲಿಗಳು ಕೆಲಸ ಬಿಟ್ಟು ಬಂದು ಮೆಕ್ಸಿಕನ್ ಜನರ ಕೇರಿಗಳಲ್ಲಿ ಮನೆ ಮನೆ ಬಾಗಿಲು ತಟ್ಟಿದರು. ಜೂನ್ 4ಕ್ಕೆ ಕೆನಡಿ ಕ್ಯಾಲಿಫೋರ್ನಿಯಾ ಪ್ರೈಮರಿ ಗೆದ್ದರು. ಬಾಯಿ ಮಾತಿಗೆ ಕಾಲು ಬಂದರೆ ಹೀಗೆ.

ಲಾಸ್ ಏಂಜಲೀಸ್‌ನ ಅಂಬಾಸಡರ್ ಹೋಟೆಲಿನ ವೇದಿಕೆ ಮೇಲೆ ಆ ರಾತ್ರಿ ಅವರ ಪಕ್ಕದಲ್ಲಿ ದೊಲೋರೆಸ್ ವೆರ್ತಾ ನಿಂತಿದ್ದರು. ಭಾಷಣ ಮುಗಿಸಿ ಕೆನಡಿ ಅಡುಗೆಮನೆಯ ದಾರಿಯಲ್ಲಿ ಹೊರಟರು. ಅಲ್ಲಿ ಕೆಲಸದವರು ಸಾಲಾಗಿ ನಿಂತಿದ್ದರು. ಹುವಾನ್ ರೊಮೆರೊ ಅನ್ನುವ 17 ವರ್ಷದ ಹುಡುಗ, ಮೆಕ್ಸಿಕೋದಿಂದ ಬಂದವನು, ತಟ್ಟೆ ಲೋಟ ಎತ್ತುವ ಕೆಲಸ. ಕೈಕುಲುಕಲು ಕೈ ಚಾಚಿದ. ಗುಂಡು ಹಾರಿತು. ಬಿದ್ದವರ ತಲೆಯನ್ನು ಆ ಹುಡುಗ ಸಿಮೆಂಟ್ ನೆಲಕ್ಕೆ ತಾಗದ ಹಾಗೆ ಕೈಯಲ್ಲಿ ಹಿಡಿದ. ಜೇಬಲ್ಲಿದ್ದ ಜಪಮಾಲೆ ತೆಗೆದು ಅವರ ಕೈಗೆ ಸುತ್ತಿದ.

31 ವರ್ಷ ಹೋಟೆಲ್ ಅಡುಗೆಮನೆಯಲ್ಲಿ ನಿಂತವನಿಗೆ ಆ ಜಾಗ ಕಣ್ಣಿಗೆ ಕಟ್ಟುತ್ತದೆ. ಒದ್ದೆ ನೆಲ, ಟ್ರೇಗಳ ಅಟ್ಟಿ, ಟ್ಯೂಬ್‌ಲೈಟ್ ಬೆಳಕು. ದೊಡ್ಡ ಜನ ಮುಂದಿನ ಬಾಗಿಲಿಂದ ಬರ್ತಾರೆ, ಅವಸರ ಇದ್ದರೆ ಅಡುಗೆಮನೆಯಿಂದ ಹೋಗ್ತಾರೆ. ಮಗಳು ಹೇಳಿ ಮುಗಿಸಿದ ಮೇಲೆ ಮನೆ ತಲುಪುವವರೆಗೆ ನಾವು ಮೂವರೂ ಮಾತಾಡಲಿಲ್ಲ.

2020ರ ಪ್ರೈಮರಿ ಫಲಿತಾಂಶ ಹೇಳಿಬಿಡುತ್ತೇನೆ. ಟೆಕ್ಸಸ್ ಗೆದ್ದದ್ದು ಬೈಡನ್. ಹಿಂದಿನ ದಿನವಷ್ಟೇ ಡಲ್ಲಾಸ್‌ನಲ್ಲಿ ಬೇಟೊ ಒರೂರ್ಕ್ ಸೇರಿ ಮೂವರು ಮಾಜಿ ಸ್ಪರ್ಧಿಗಳು ಅವರ ಪಕ್ಕ ಬಂದಿದ್ದರು. ಆದರೆ ಸ್ಯಾನ್ ಆಂಟೋನಿಯೊ ಇರುವ ಬೆಹಾರ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಸ್ಯಾಂಡರ್ಸ್‌ಗೆ ಹೋಯಿತು, ರಾಜ್ಯದ ಲ್ಯಾಟಿನೋ ವೋಟಲ್ಲೂ ಅವರೇ ಮುಂದೆ. ಮನೆಮಗ ಕೈ ತೋರಿಸಿದ ವಾರನ್ ಟೆಕ್ಸಸ್‌ನಲ್ಲಿ ನಾಲ್ಕನೇ ಸ್ಥಾನ. ನೆವಾಡಾದಲ್ಲಿ ಸುಮಾರು 60,000 ಸದಸ್ಯರಿರುವ ಹೋಟೆಲ್ ಕೆಲಸಗಾರರ ಕಲಿನರಿ ಯೂನಿಯನ್ ಯಾರಿಗೂ ಬೆಂಬಲ ಕೊಟ್ಟಿರಲಿಲ್ಲ. ಸ್ಯಾಂಡರ್ಸ್ ಬಂದರೆ ನಮ್ಮ ಆರೋಗ್ಯ ವಿಮೆ ಹೋಗುತ್ತೆ ಅಂತ ಮುಖಂಡರು ಸದಸ್ಯರನ್ನು ಎಚ್ಚರಿಸಿದ್ದರು. ಲಾಸ್ ವೇಗಸ್‌ನ ದೊಡ್ಡ ಕ್ಯಾಸಿನೋಗಳಲ್ಲಿ ಅದೇ ಕೆಲಸಗಾರರು, ಹಾಸಿಗೆ ಹಾಸೋರು, ಪಾತ್ರೆ ತೊಳೆಯೋರು, ಹೆಚ್ಚಿನ ಕಡೆ ಸ್ಯಾಂಡರ್ಸ್ ಪರವೇ ನಿಂತರು. ನಮ್ಮ ತೊಟ್ಟಿ ಮುಂದಿನ ಹುಡುಗ ಅಲ್ಲೂ ಇದ್ದ ಅನ್ನಿ.

ಎರಡನೇ ಸಲ ಹೋದದ್ದು 2024ರ ಮಾರ್ಚ್‌ನಲ್ಲಿ. ಟೆಕ್ಸಸ್ ಪ್ರೈಮರಿ ಮುಗಿದು ಒಂದು ವಾರ. ಬೈಡನ್, ಟ್ರಂಪ್ ಇಬ್ಬರದ್ದೂ ಟಿಕೆಟ್ ಪಕ್ಕಾ ಆಗಿತ್ತು. ಹೋಟೆಲ್‌ನಲ್ಲಿ ಚುನಾವಣೆ ಮಾತೇ ಇಲ್ಲ. ಕೋವಿಡ್ ಆದ ಮೇಲೆ ಇಲ್ಲೂ ಬಾಗಿಲು ಹಾಕಲು ಶುರು ಮಾಡಿದ್ದಾರೆ, ದಿನವಿಡೀ ಒಲೆ ಉರಿಯೋ ಕಾಲ ಮುಗಿದಿದೆ. ಹೋಗುವ ಮುಂಚೆ ಟೈಮ್ ನೋಡಿಕೊಳ್ಳಿ. ಈ ಸಲ ಮಧ್ಯಾಹ್ನ ಹೋದ್ದರಿಂದ ಮರಿಯಾಚಿ ಮೇಳ ಸಿಕ್ಕಿತು. ಟೇಬಲ್ ಪಕ್ಕಕ್ಕೇ ಬಂದು ಹಾಡುತ್ತಾರೆ. ಹಾಡು ಹೇಳಿಸಿಕೊಂಡರೆ ಕೈಗೆ ಏನಾದರೂ ಕೊಡೋದು ಮರ್ಯಾದೆ. 2008ರಲ್ಲಿ ಒಬಾಮಾ ಹೆಸರಲ್ಲೂ ಮರಿಯಾಚಿ ಹಾಡು ಕಟ್ಟಿದ್ದರಂತೆ. ನನ್ನ ಮೊಮ್ಮಗಳು ತುತ್ತೂರಿ ಸದ್ದಿಗೆ ಬೆಚ್ಚಿ ಅಜ್ಜಿ ಸೆರಗು ಹಿಡಿದಳು.

ಏನು ತಿನ್ನಬೇಕು? ತಮಾಲೆ ಅಂತೂ ಬೇಕೇ ಬೇಕು. ಬೆಳಗ್ಗೆ ಹೋದರೆ ಚಿಲಾಕಿಲೆಸ್. ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ರೊಟ್ಟಿಯ ಚೂರುಗಳನ್ನು ಕರಿದು ಖಾರದ ಗೊಜ್ಜಲ್ಲಿ ಹೊರಳಿಸಿದ್ದು. ಹಿಂದಿನ ದಿನದ ಚಪಾತಿಗೆ ಒಗ್ಗರಣೆ ಹಾಕಿ ತಿಂದವರಿಗೆ ಇದರ ಸುಖ ಬೇರೆ ಹೇಳಬೇಕಿಲ್ಲ. ಸಸ್ಯಾಹಾರಿಗಳಿಗೆ ಒಂದು ಮಾತು, ಇದು ಈ ಹೋಟೆಲ್ ಅಂತಲ್ಲ, ಟೆಕ್ಸಸ್‌ನ ಯಾವ ಮೆಕ್ಸಿಕನ್ ಹೋಟೆಲಿಗೂ. ಹುರುಳಿ ತರಹ ಕಾಣುವ ಬೀನ್ಸ್ ಪಲ್ಯಕ್ಕೆ ಹಂದಿ ಕೊಬ್ಬು ಹಾಕುವ ಪದ್ಧತಿ ಇದೆ. ಕೆಂಪು ಅನ್ನವನ್ನು ಕೋಳಿ ಸಾರಲ್ಲಿ ಬೇಯಿಸೋದೂ ಉಂಟು. ಕೂತ ಕೂಡಲೇ ಕೇಳಿ. ಸುಮ್ನೆ 'ವೆಜ್' ಅಂದರೆ ಸಾಲದು, ಇಂಥದ್ದು ಹಾಕಿದ್ದೀರಾ ಅಂತ ಹೆಸರು ಹಿಡಿದು ಕೇಳಬೇಕು.

ಬಿಸಿ ಚಾಕೊಲೇಟ್ ಬಗ್ಗೆ ನನ್ನ ಹೆಂಡತಿ ಬರೆಸುತ್ತಿದ್ದಾಳೆ: ದಾಲ್ಚಿನ್ನಿ ಘಮ ಇದೆ, ಸಕ್ಕರೆ ಹಿತವಾಗಿದೆ, ಮೇಲಿನ ನೊರೆ ನಮ್ಮ ಕಾಫಿ ನೊರೆಯ ಹಾಗೆ. ಅವಳ ಪ್ರಕಾರ ಐದಕ್ಕೆ ಐದು. ನಾನು ನಾಲ್ಕೂವರೆ. ಅರ್ಧ ಯಾಕೆ ಕಡಿಮೆ ಅಂದರೆ, ಯಾವ ಹೋಟೆಲಿಗೂ ಐದಕ್ಕೆ ಐದು ಕೊಡೋದು ನನ್ನ ಕಸುಬಿನಲ್ಲಿಲ್ಲ.

ಕಳೆದ ಸಲದ ಸೆಕ್ಯುರಿಟಿ ಹಿರಿಯರು ಈ ಸಲ ಸಿಗಲಿಲ್ಲ. ಸಿಕ್ಕಿದ್ದರೆ ಈ ಸಲ ಯಾರಿಗೆ ವೋಟು ಅಂತ ಕೇಳುವುದಿತ್ತು. ಆಮೇಲೆ ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ, ಮೆಕ್ಸಿಕೋ ಗಡಿ ಪಕ್ಕದ ಸ್ಟಾರ್ ಕೌಂಟಿ 1892ರ ನಂತರ ಮೊದಲ ಸಲ ರಿಪಬ್ಲಿಕನ್ ಕಡೆ ವಾಲಿತು. ಹೆಚ್ಚುಕಮ್ಮಿ ಪೂರ್ತಿ ಮೆಕ್ಸಿಕನ್ ಮೂಲದವರೇ ಇರುವ ಜಾಗ. ಅವರಿದ್ದಿದ್ದರೆ ಹೊಟ್ಟೆ ಅಲ್ಲಾಡಿಸಿ ನಗುತ್ತಿದ್ದರೋ, ಬೈಯುತ್ತಿದ್ದರೋ.

2020ರ ಆ ರಾತ್ರಿ ನಾವು ಹೊರಡುವಾಗ ಬೇಕರಿ ಕಟ್ಟೆಯಲ್ಲಿ ನಿಂತು ಕೊಂಚಾ ಕಟ್ಟಿಸಿದೆವು. ಕೊಂಚಾ ಅಂದರೆ ಬನ್ನಿನ ಮೇಲೆ ಚಿಪ್ಪಿನ ಗೆರೆ ಹಾಕಿದ ಸಕ್ಕರೆ ಪದರ. ಬೆರಳು ತೋರಿಸಿದರೆ ತೆಗೆದು ಕವರಿಗೆ ಹಾಕುತ್ತಾರೆ. ಆ ಹಿರಿಯರೂ ನಮ್ಮ ಹಿಂದೆಯೇ ನಿಂತಿದ್ದರು. ಯಾರಿಗೆ ವೋಟು ಹಾಕಿದಿರಿ ಅಂತ ನಾನು ಮತ್ತೆ ಕೇಳಿದೆ. ಹೇಳಲಿಲ್ಲ. ಕ್ಯಾಪ್ ಮೇಲಿನ ಸ್ಟಿಕರ್ ಉಗುರಲ್ಲಿ ಎಬ್ಬಿಸಿ ನನ್ನ ಹೆಂಡತಿಯ ಬ್ರೆಡ್ ಕವರಿಗೆ ಅಂಟಿಸಿದರು. "ನಂಗೆ ಇಲ್ಲಿ ವೋಟೇ ಇಲ್ಲ" ಅಂತ ಇವಳು ಕನ್ನಡದಲ್ಲೇ ಹೇಳಿದಳು. ಅವರಿಗೆ ಅರ್ಥವಾದ ಹಾಗೆ ತಲೆಯಾಡಿಸಿದರು.

ಅದು ಈಗ ದಾವಣಗೆರೆ ಮನೆಯಲ್ಲಿದೆ. ಸಾಸಿವೆ ಡಬ್ಬಿಯ ಮುಚ್ಚಳದ ಮೇಲೆ. ಒಂದು ಮೂಲೆ ಎದ್ದಿದೆ, ಎಣ್ಣೆ ಜಿಡ್ಡು ಹತ್ತಿದೆ. ತೆಗೆದು ತೊಳೀತೀನಿ ಅಂದರೆ ಇವಳು ಬಿಡಲ್ಲ.